ಹಸ್ತದಿಂದ ಸ್ವಾತಿವರೆಗೆ: ಎರೆಮಣ್ಣಿನ ಹಿತ್ತಲ ಕೆಲಸ

ಹಸ್ತ ಮಳೆ, ಸೆಪ್ಟೆಂಬರ್ ಕೊನೆ

ಎರಡು ಮಡಿ ಎದ್ದಿವೆ. ಅಗಲ 3 ಅಡಿ, ಉದ್ದ 10 ಅಡಿ, ಎತ್ತರ ಒಂದು ಗೇಣು. ದಾವಣಗೆರೆ ಸುತ್ತಿನ ಎರೆಮಣ್ಣಿಗೆ ಈ ಕಾಲದಲ್ಲಿ ನೀರು ಕಟ್ಟುವುದು ಕಷ್ಟವಲ್ಲ, ನಿಂತ ನೀರನ್ನು ಹೊರಗೆ ಹಾಕುವುದೇ ಕಷ್ಟ. ಮಡಿಗಳ ನಡುವೆ ಒಂದೂವರೆ ಅಡಿ ಕಾಲುವೆ ಬಿಟ್ಟು ಚರಂಡಿ ಕಡೆ ಇಳಿಜಾರು ಕೊಟ್ಟಾಗಿದೆ.

ಮಳೆ ನಿಂತ ಮರುದಿನವೇ ಗುದ್ದಲಿ ಹಾಕಬಾರದು. ಹಿಡಿ ಮಣ್ಣು ಹಿಸುಕಿ ಬೆರಳಲ್ಲಿ ತಟ್ಟಿದರೆ ಉದುರಬೇಕು. ಅಂಟಿಕೊಂಡರೆ ಹದ ಬಂದಿಲ್ಲ. ಹಸಿಯಲ್ಲಿ ಅಗೆದ ಎರೆ ಒಣಗಿ ಹೆಂಟೆಯಾದರೆ ಬೇರಿಗೂ ದಾರಿಯಿಲ್ಲ, ಗಾಳಿಗೂ ಇಲ್ಲ.

ಮಡಿಯೊಂದಕ್ಕೆ ಬಿದ್ದದ್ದು: ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 4 ಬುಟ್ಟಿ, ಬೇವಿನ ಹಿಂಡಿ ಅರ್ಧ ಕಿಲೋ, ಮಂಡಕ್ಕಿ ಭಟ್ಟಿಯ ಸುಟ್ಟ ಹೊಟ್ಟು 1 ಬುಟ್ಟಿ.

ಈ ಸುಟ್ಟ ಹೊಟ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಊರಲ್ಲಿ ಸುಲಭಕ್ಕೆ ಸಿಗುತ್ತದೆ, ಅದಕ್ಕೇ ಜನ ಕೈಬಿಚ್ಚಿ ಸುರಿಯುತ್ತಾರೆ. ಬೇಕಾದದ್ದು ಅರೆಬೆಂದ ಕರಿ ಹೊಟ್ಟು: ಹಗುರ, ತೂತುತೂತು, ಜಿಗುಟು ಮಣ್ಣನ್ನು ಸಡಿಲಿಸುತ್ತದೆ. ಪೂರ್ತಿ ಬೆಂದ ಬಿಳಿ ಬೂದಿ ಬಹುಪಾಲು ಸಿಲಿಕಾ, ಜೊತೆಗೆ ಕ್ಷಾರ. ಎರೆಮಣ್ಣು ಮೊದಲೇ ಕ್ಷಾರದ ಕಡೆ ವಾಲಿರುತ್ತದೆ. ಅದರ ಮೇಲೆ ಬೂದಿ ಹೆಚ್ಚಾದರೆ ಕಬ್ಬಿಣ ಮಣ್ಣಲ್ಲಿದ್ದೂ ಗಿಡಕ್ಕೆ ಸಿಗುವುದಿಲ್ಲ. ಗುರುತು: ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಆಗ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಅರ್ಧ ನಿಂಬೆಹಣ್ಣಿನ ರಸ ಸೇರಿಸಿ ಸಂಜೆ ಎಲೆಗೆ ಸಿಂಪಡಿಸಿದರೆ ಹೊಸ ಚಿಗುರು ಹಸಿರಾಗಿ ಬರುತ್ತದೆ. ಚಿತ್ರದುರ್ಗ ಕಡೆಯ ಕೆಂಪು ಮಣ್ಣು ತುಂಬಿದ ಕುಂಡವಾದರೆ ಬೂದಿ ಇನ್ನೊಂದಿಷ್ಟು ತಡೆದುಕೊಳ್ಳುತ್ತದೆ. ಟೈರು, ಪ್ಲಾಸ್ಟಿಕ್ ಉರಿಸಿದ ಒಲೆಯ ಬೂದಿ ಯಾವ ಮಣ್ಣಿಗೂ ಬೇಡ.

ಚಿತ್ತೆ, ಅಕ್ಟೋಬರ್ ನಡು

ಮೆಂತ್ಯ ನಾಲ್ಕನೇ ದಿನಕ್ಕೆ ಮೊಳೆತಿದೆ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಅರ್ಧ ಇಂಚು ಆಳದಲ್ಲಿ ಸಾಲಾಗಿ ಬಿತ್ತಿದೆ. ಮೇಲೇಳಲು ಹತ್ತು ದಿನ ಬೇಕು. ಒತ್ತಾಗಿ ಎರಚಿದ ಕಡೆ ಸಸಿಯ ಕುತ್ತಿಗೆ ಕೊಳೆತು ಮಲಗುತ್ತದೆ. ಅಲ್ಲಿಗೆ ಔಷಧಿಗಿಂತ ಗಾಳಿ ಮುಖ್ಯ: ಸಾಲಿನ ನಡುವೆ ಒಂದು ಗೇಣು, ನೀರು ಬೆಳಿಗ್ಗೆ ಮಾತ್ರ.

ಅವರೆ ಕುಡಿಗೆ ಮೋಡದ ವಾರದಲ್ಲಿ ಸಸ್ಯಹೇನು ಮುತ್ತಿದೆ. ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, 2 ಮಿಲಿ ಸೋಪಿನ ದ್ರಾವಣ. ಬೋರಿನ ಗಡಸು ನೀರಲ್ಲಿ ಸೋಪು ಒಡೆದು ಮೊಸರಿನಂತಾಗುತ್ತದೆ, ಎಣ್ಣೆ ತೇಲುತ್ತದೆ, ನಾಜಲ್ ಕಟ್ಟುತ್ತದೆ. ತೇಲಿದ ಎಣ್ಣೆ ಬಿದ್ದಲ್ಲಿ ಎಲೆ ಸುಡುತ್ತದೆ. ಚಾವಣಿಯ ಮಳೆನೀರು ಎರಡು ಕೊಡ ಹಿಡಿದಿಟ್ಟರೆ ಸಿಂಪಡಣೆಗೆ ಸಾಕು.

ಸೇವಂತಿಗೆಯಲ್ಲಿ ಒಂದು ವಿಚಿತ್ರ. ಕಾಂಪೌಂಡ್ ಪಕ್ಕದ ಕುಂಡಗಳು ಸೊಂಪಾಗಿವೆ, ಮೊಗ್ಗಿಲ್ಲ. ಮನೆ ಹಿಂದಿನವು ತುಂಬ ಮೊಗ್ಗು. ಗೊಬ್ಬರ ಒಂದೇ. ಬೀದಿದೀಪವೇ ಕಾರಣ: ಸೇವಂತಿಗೆ ಮೊಗ್ಗಾಗಲು ಉದ್ದನೆಯ, ಅಖಂಡ ಕತ್ತಲೆ ಬೇಕು. ಕುಂಡ ಸರಿಸುವುದೇ ಪರಿಹಾರ, ಪೊಟ್ಯಾಷ್ ಸುರಿಯುವುದಲ್ಲ.

ಸ್ವಾತಿ

ಊರ ಹೊರಗೆ ರಸ್ತೆಯುದ್ದಕ್ಕೂ ಮೆಕ್ಕೆಜೋಳ ಒಣಗುತ್ತಿದೆ. (ಬೈಕಿನವರು ನೋಡಿಕೊಂಡು ಹೋಗಿ, ಕಾಳಿನ ಮೇಲೆ ಬ್ರೇಕ್ ಹಿಡಿಯಬೇಡಿ.) ತೆನೆ ಸುಲಿದ ರವದಿ ಒಂದು ಚೀಲ ತಂದು ಮಡಿ ಮೇಲೆ ಎರಡು ಇಂಚು ಹಾಸಿದರೆ ಎರೆ ಬಿರುಕು ಬಿಡುವುದು ನಿಲ್ಲುತ್ತದೆ. ಮಣ್ಣೊಳಗೆ ಬೆರೆಸಬಾರದು, ಕೊಳೆಯುವಾಗ ಸಾರಜನಕ ಎಳೆದುಕೊಂಡು ಗಿಡವನ್ನು ಬಿಳುಚಿಸುತ್ತದೆ. ಬುಡದಿಂದ ನಾಲ್ಕು ಬೆರಳು ದೂರವಿರಲಿ, ಇಲ್ಲದಿದ್ದರೆ ಗೆದ್ದಲು.

ಕಳೆ ಕಿತ್ತಾಯಿತು, ಬೇಲಿ ಮೂಲೆಯ ಉತ್ತರಾಣಿ ಬಿಟ್ಟು. ದೀಪಾವಳಿಗೆ ಸಗಣಿಯ ಪಾಂಡವರನ್ನು ಇಡುವ ಮನೆಯವರು ಕೇಳಿಕೊಂಡು ಬರುತ್ತಾರೆ.

ಟೊಮ್ಯಾಟೊ ಸಸಿಗೆ 25 ದಿನ ತುಂಬಿದೆ, ಟ್ರೇಯಿಂದ ಇಳಿಸಬಹುದು. ಅಂತರ ಎರಡು ಅಡಿ, ಕೋಲು ಈಗಲೇ ನೆಡಬೇಕು. ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಕಾಯಿಯ ತಳ ಕಪ್ಪಾದರೆ ಸುಣ್ಣ ಹಾಕಲು ಓಡಬೇಡಿ. ಇಲ್ಲಿನ ಬೋರಿನ ನೀರಲ್ಲಿ ಸುಣ್ಣದಂಶ ಬೇಕಾದಷ್ಟಿದೆ. ಒಂದು ದಿನ ಕೆಸರು, ನಾಲ್ಕು ದಿನ ಒಣಗು ಎಂಬ ನೀರಿನ ಕ್ರಮದಿಂದ ಅದು ಕಾಯಿಗೆ ತಲುಪುತ್ತಿಲ್ಲ, ಅಷ್ಟೇ.