ಕೆಟಲ್ ಬಾಕ್ಸ್

ಆ ಚೀಲಕ್ಕೆ ನಾನು ಹಾಕಿದ್ದು ಎರಡು ಪ್ಯಾಕೆಟ್ ಪಾಸ್ತಾ, ಒಂದು ಕೆಜಿ ಅಕ್ಕಿ, ಒಂದು ಬಾಟಲಿ ಟೊಮೆಟೊ ಸಾಸ್, ಸ್ವಲ್ಪ ಬೇಳೆ. ಅಕ್ಕಿ ಇಡುವಾಗ ಮನಸ್ಸಿಗೆ ಖುಷಿಯಾಗಿತ್ತು. ಮನೆಯಲ್ಲಿ ಅಕ್ಕಿ ಇದ್ದರೆ ಏನೋ ಒಂದು ಧೈರ್ಯ ಅಲ್ವಾ? ಚೀಲ ತಗೊಂಡ ತಾಯಿ ಒಳಗೆ ನೋಡಿದರು. ಥ್ಯಾಂಕ್ಸ್ ಹೇಳಿದರು. ಆಮೇಲೆ ಬಹಳ ಮೆಲ್ಲಗೆ, ಪಕ್ಕದವರಿಗೆ ಕೇಳಿಸದ ಹಾಗೆ, "ನಮ್ಮ ರೂಮಿನಲ್ಲಿ ಒಲೆ ಇಲ್ಲ. ನೀರು ಕಾಯಿಸುವ ಎಲೆಕ್ಟ್ರಿಕ್ ಕೆಟಲ್ ಮಾತ್ರ ಇದೆ" ಅಂದರು.

ಇಬ್ಬರು ಮಕ್ಕಳು ಜೊತೆಗಿದ್ದರು. ದೊಡ್ಡವಳಿಗೆ ಎಂಟು ವರ್ಷ ಇರಬಹುದು. ಅಮ್ಮ ಹೇಳಿದ್ದು ತನಗೆ ಕೇಳಿಸಲೇ ಇಲ್ಲ ಅನ್ನೋ ಹಾಗೆ ಅವಳು ಗೋಡೆ ಕಡೆ ನೋಡುತ್ತಾ ನಿಂತಿದ್ದಳು.

ಈಸ್ಟ್ ಲಂಡನ್ನಿನ ಒಂದು ಚರ್ಚ್ ಹಾಲ್‌ನಲ್ಲಿ ವಾರಕ್ಕೊಂದು ದಿನ ನಡೆಯುವ, ಕಷ್ಟದಲ್ಲಿರುವವರಿಗೆ ಉಚಿತವಾಗಿ ಊಟದ ಸಾಮಾನು ಕೊಡುವ ಫುಡ್ ಬ್ಯಾಂಕ್ ಅದು. ನಾನು ಕೆಲಸಕ್ಕೆ ಸೇರಿ ಮೂರನೇ ವಾರ. ನಮ್ಮ ಗುಂಪಿನ ಹಿರಿಯ ಅಜ್ಜಿಯೊಬ್ಬರು ಬಂದು, ನನಗೆ ಒಂದು ಮಾತೂ ಹೇಳದೆ, ಚೀಲ ತಗೊಂಡು ಹೋಗಿ ಬೇರೆ ತುಂಬಿ ತಂದರು. ಕಪ್ ನೂಡಲ್ಸ್, ಓಟ್ಸ್ ಪೊಟ್ಟಣ, ಮುಚ್ಚಳ ಎಳೆದರೆ ತೆರೆದುಕೊಳ್ಳುವ ಬೀನ್ಸ್ ಮತ್ತು ಮೀನಿನ ಡಬ್ಬಿ, ಬಿಸ್ಕತ್ತು, ಫ್ರಿಜ್ ಇಲ್ಲದೆಯೂ ಕೆಡದ ಹಾಲು. ಬಿಸಿನೀರು ಸುರಿದರೆ ಸಾಕು, ಅಥವಾ ಹಾಗೇ ತಿನ್ನಬಹುದು. ಇದಕ್ಕೆ ಇಲ್ಲಿ ಕೆಟಲ್ ಬಾಕ್ಸ್ ಅಂತಾರೆ. ಇಂಥ ಮನೆಗಳು ಅಷ್ಟು ಜಾಸ್ತಿ ಇರೋದಕ್ಕೇ ಅದಕ್ಕೊಂದು ಹೆಸರು ಬಂದಿದೆ, ನಮ್ಮ ಹಾಲ್‌ನಲ್ಲಿ ಬೇರೆಯದೇ ಕಪಾಟೂ ಇದೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ತುಮಕೂರಿನಲ್ಲಿದ್ದಾರೆ. "ಲಂಡನ್ನಲ್ಲಿ ಒಲೆ ಇಲ್ಲದ ಮನೆ ಇದೆಯೇನಮ್ಮ?" ಅಂತ ಕೇಳಿದರು.

ಇದೆ ಅಪ್ಪ. ಬಾಡಿಗೆ ಕಟ್ಟಲಾಗದೆ ಮನೆ ಕಳೆದುಕೊಂಡ ಸಂಸಾರಗಳಿಗೆ ಇಲ್ಲಿನ ಕೌನ್ಸಿಲ್, ಅಂದರೆ ನಮ್ಮ ನಗರಸಭೆ ಇದ್ದ ಹಾಗೆ, ತಾತ್ಕಾಲಿಕವಾಗಿ ಒಂದು ಜಾಗ ಕೊಡಬೇಕು. ಮನೆಗಳು ಸಾಲದು. ಹಾಗಾಗಿ ಎಷ್ಟೋ ಜನರಿಗೆ ಹೋಟೆಲಿನ ಒಂದು ರೂಮು. ಮಂಚದ ಮೇಲೇ ಊಟ, ಮಂಚದ ಮೇಲೇ ಹೋಂವರ್ಕ್. ಮಕ್ಕಳಿರುವ ಸಂಸಾರವನ್ನು ಇಂಥ ರೂಮಿನಲ್ಲಿ ಆರು ವಾರಕ್ಕಿಂತ ಜಾಸ್ತಿ ಇಡಬಾರದು ಅಂತ ಕಾನೂನಿದೆ. ಅದನ್ನು ಮೀರಿ ತಿಂಗಳುಗಟ್ಟಲೆ ಇರುವವರನ್ನು ನಾನೇ ನೋಡಿದ್ದೇನೆ. ಲಂಡನ್ನಿನಲ್ಲಿ ಸರಾಸರಿ ಪ್ರತಿ ತರಗತಿಯಲ್ಲೂ ಕೊನೇಪಕ್ಷ ಒಂದು ಮಗು ಹೀಗೆ ತಾತ್ಕಾಲಿಕ ಜಾಗದಲ್ಲಿ ಇದೆ ಅಂತ ಇಲ್ಲಿನ ಕೌನ್ಸಿಲ್‌ಗಳ ಒಕ್ಕೂಟವೇ ಲೆಕ್ಕ ಕೊಟ್ಟಿದೆ. ಬಾಡಿಗೆ ಕಳೆದು ಉಳಿದ ದುಡ್ಡು ನೋಡಿದರೆ ಈ ಊರಿನ ಮೂರು ಮಕ್ಕಳಲ್ಲಿ ಹೆಚ್ಚುಕಮ್ಮಿ ಒಂದು ಮಗು ಬಡತನದಲ್ಲಿದೆ. ಅವರ ಅಪ್ಪ ಅಮ್ಮಂದಿರಲ್ಲಿ ಬಹಳ ಜನ ದುಡಿಯುವವರೇ. ಆಫೀಸ್ ಕ್ಲೀನ್ ಮಾಡುವವರು, ಡೆಲಿವರಿ ಮಾಡುವವರು, ಮುದುಕರನ್ನು ನೋಡಿಕೊಳ್ಳುವವರು.

ಫುಡ್ ಬ್ಯಾಂಕ್ ಇಲ್ಲಿ ಬಹಳ ಹಳೆಯದೇನಲ್ಲ. ಸಾಲ್ಸ್‌ಬರಿಯ ದಂಪತಿ ಬಲ್ಗೇರಿಯಾದ ಮಕ್ಕಳಿಗೆ ನೆರವಾಗಲು 1997ರಲ್ಲಿ ಟ್ರಸೆಲ್ ಟ್ರಸ್ಟ್ ಶುರುಮಾಡಿದ್ದರು. 2000ದಲ್ಲಿ ಅವರದೇ ಊರಿನ ತಾಯಿಯೊಬ್ಬಳು ಫೋನ್ ಮಾಡಿ, ನನ್ನ ಮಕ್ಕಳು ಇವತ್ತು ಹಸಿದುಕೊಂಡೇ ಮಲಗ್ತಾರೆ, ಅದಕ್ಕೆ ನೀವೇನು ಮಾಡ್ತೀರಿ ಅಂತ ಕೇಳಿದಳಂತೆ. ಆಗ ಅವರು ತಮ್ಮ ಮನೆ ಶೆಡ್ಡಿನಲ್ಲೇ ಮೊದಲ ಫುಡ್ ಬ್ಯಾಂಕ್ ತೆರೆದರು. ಈಗ ದೇಶದ ತುಂಬಾ ಇವೆ. ಸಾಮಾನ್ಯವಾಗಿ ಸುಮ್ನೆ ಹೋಗಿ ಕೇಳಿದರೆ ಕೊಡಲ್ಲ. ಶಾಲೆಯವರೋ, ಡಾಕ್ಟರೋ, ಸಲಹಾ ಕೇಂದ್ರದವರೋ ವೋಚರ್ ಕೊಡಬೇಕು. ಅದಕ್ಕೆ ಕೊನೇಪಕ್ಷ ಮೂರು ದಿನದ ಊಟದ ಸಾಮಾನು ಸಿಗುತ್ತದೆ.

ವೋಚರ್ ಯಾಕೆ ಬೇಕು ಅನ್ನೋದು ನನಗೆ ಅರ್ಥವಾಗುತ್ತದೆ. ಆ ವೋಚರ್ ಹಿಡಿದು ಬಾಗಿಲಲ್ಲಿ ನಿಂತವರ ಮುಖವೂ ನನಗೆ ಗೊತ್ತು. ಎಷ್ಟೋ ಜನ ಒಳಗೆ ಬರುವ ಮುಂಚೆ ರಸ್ತೆಯ ಆ ಕಡೆ ಐದು ನಿಮಿಷ ನಿಂತಿರುತ್ತಾರೆ. ಅದಕ್ಕೇ ನಮ್ಮ ಹಾಲ್‌ನಲ್ಲಿ ಮೊದಲು ಟೀ. ಕೂರಿಸಿ, ಟೀ ಕೊಟ್ಟು, ಮಕ್ಕಳಿಗೆ ಬಣ್ಣದ ಪೆನ್ಸಿಲ್ ಕೊಟ್ಟು, ಆಮೇಲೇ ಸಾಮಾನಿನ ಮಾತು.

ಸಹಾಯ ಕೇಳಲು ಬಂದ ತಾಯಂದಿರನ್ನು ಈ ಊರು ಹಿಂದೆ ಹೇಗೆ ನಡೆಸಿಕೊಂಡಿತ್ತು ಅಂತ ತಿಳಿಯಬೇಕಾದರೆ ಬ್ಲೂಮ್ಸ್‌ಬರಿಯ ಫೌಂಡ್ಲಿಂಗ್ ಮ್ಯೂಸಿಯಂಗೆ ಹೋಗಬೇಕು. ನೀವು ಲಂಡನ್ ನೋಡಲು ಬಂದರೆ ರಸೆಲ್ ಸ್ಕ್ವೇರ್ ಸ್ಟೇಷನ್ನಿನಲ್ಲಿ ಇಳಿದು ಹೋಗಿಬನ್ನಿ, ಹತ್ತಿರವೇ ಇದೆ. ಥಾಮಸ್ ಕೋರಮ್ ಅನ್ನೋ ಹಡಗಿನ ಕ್ಯಾಪ್ಟನ್ ಲಂಡನ್ನಿನ ಬೀದಿಬದಿಯಲ್ಲಿ ಬಿಟ್ಟುಹೋದ ಕೂಸುಗಳನ್ನು ನೋಡಿ ತಡೆಯಲಾರದೆ, ಹದಿನೇಳು ವರ್ಷ ದೊಡ್ಡ ಮನೆಗಳ ಬಾಗಿಲು ತಟ್ಟಿ, 1739ರಲ್ಲಿ ರಾಜನ ಅನುಮತಿ ಪಡೆದು ಫೌಂಡ್ಲಿಂಗ್ ಹಾಸ್ಪಿಟಲ್ ಕಟ್ಟಿಸಿದ. ಹೆಸರು ಹಾಸ್ಪಿಟಲ್ ಅಂತಿದ್ದರೂ ಅದು ಅನಾಥಾಲಯ. 1741ರಲ್ಲಿ ಮೊದಲ ಮಕ್ಕಳು ಬಂದವು. ಬರುವ ತಾಯಂದಿರು ಜಾಸ್ತಿ, ಜಾಗ ಕಡಿಮೆ. ಅದಕ್ಕೆ ಒಂದು ಚೀಲದಲ್ಲಿ ಬಣ್ಣದ ಚೆಂಡುಗಳನ್ನು ಹಾಕಿ ಇಟ್ಟರು. ತಾಯಿ ಕೈಹಾಕಿ ಒಂದು ಚೆಂಡು ತೆಗೆಯಬೇಕು. ಬಿಳಿ ಬಂದರೆ, ಮಗುವಿಗೆ ರೋಗ ಇಲ್ಲದಿದ್ದರೆ, ಒಳಗೆ ತಗೊಳ್ಳುತ್ತಾರೆ. ಕೆಂಪು ಬಂದರೆ ಕಾಯಬೇಕು. ಕಪ್ಪು ಬಂದರೆ ಮಗು ಎತ್ತಿಕೊಂಡು ವಾಪಸ್ ಹೋಗಬೇಕು.

ಅಲ್ಲಿ ಗಾಜಿನ ಹಿಂದೆ ಸಣ್ಣ ಸಣ್ಣ ವಸ್ತುಗಳಿವೆ. ಒಂದು ನಾಣ್ಯ, ಒಂದು ಉಂಗುರ. ಮಗುವಿಗೆ ಅಲ್ಲಿ ಹೊಸ ಹೆಸರು ಇಡುತ್ತಿದ್ದರು. ಮುಂದೆ ಕಾಲ ಕೂಡಿಬಂದು ತಾಯಿ ಹುಡುಕಿಕೊಂಡು ಬಂದರೆ ಗುರುತು ಹತ್ತಬೇಕಲ್ಲ, ಅದಕ್ಕೆ ಈ ವಸ್ತುಗಳು. ಏನೂ ಇಲ್ಲದವರು ಬಟ್ಟೆ ತುಂಡು ಬಿಟ್ಟುಹೋಗುತ್ತಿದ್ದರು. ಹೂವಿನ ಚೀಟಿ ಬಟ್ಟೆ, ರಿಬ್ಬನ್, ಮಗುವಿನ ಅಂಗಿಯ ತೋಳಿನಿಂದ ಕತ್ತರಿಸಿದ ಒಂದು ಚೂರು. ಮಗುವಿನ ದಾಖಲೆಯ ಕಾಗದಕ್ಕೆ ಅದನ್ನು ಪಿನ್ ಮಾಡಿ ಇಡುತ್ತಿದ್ದರು. ಮರಳಿ ಬಂದು ಮಗುವನ್ನು ಕರೆದುಕೊಂಡು ಹೋದ ತಾಯಂದಿರು ಬಹಳ ಕಡಿಮೆ. ಆ ಬಟ್ಟೆಗಳ ಬಣ್ಣ ಇನ್ನೂ ಮಾಸಿಲ್ಲ. ನಾನು ಅಲ್ಲಿ ತುಂಬಾ ಹೊತ್ತು ನಿಲ್ಲಲಾರದೆ ಹೊರಗೆ ಬಂದೆ.

ಹೊರಗೆ, ಆ ಅನಾಥಾಲಯ ಇದ್ದ ಜಾಗದಲ್ಲೇ, ಈಗ ಕೋರಮ್ಸ್ ಫೀಲ್ಡ್ಸ್ ಅನ್ನೋ ಮಕ್ಕಳ ಆಟದ ಮೈದಾನ. ಏಳು ಎಕರೆ ಇದೆ. ಮಗುವಿನ ಜೊತೆ ಬಂದರೆ ಮಾತ್ರ ದೊಡ್ಡವರಿಗೆ ಪ್ರವೇಶ. ಒಬ್ಬಳೇ ಇದ್ದೆ, ಗೇಟಿನ ಹೊರಗೇ ನಿಂತು ಮಕ್ಕಳ ಗಲಾಟೆ ಕೇಳಿಸಿಕೊಂಡೆ. ಕೋರಮ್ ಹೆಸರಿನ ಆ ಸಂಸ್ಥೆ ಇವತ್ತಿಗೂ ಇದೆ, ದತ್ತು ಕೊಡಿಸುವ ಕೆಲಸ, ಮಕ್ಕಳಿಗೆ ಕಾನೂನು ನೆರವು ಎಲ್ಲ ಮಾಡುತ್ತದೆ.

ಬಟ್ಟೆ ಅಂದಾಗ ಬೇಬಿ ಬ್ಯಾಂಕ್ ಬಗ್ಗೆ ಹೇಳಬೇಕು. 2016ರಲ್ಲಿ ಲಂಡನ್ನಿನಲ್ಲಿ ಶುರುವಾದ ಲಿಟಲ್ ವಿಲೇಜ್ ಥರದ ಸಂಸ್ಥೆಗಳು ಪುಟ್ಟ ಮಕ್ಕಳ ಬಟ್ಟೆ, ತೊಟ್ಟಿಲು, ತಳ್ಳುಗಾಡಿ, ಡೈಪರ್ ಕೊಡುತ್ತವೆ. ನಮ್ಮ ಏರಿಯಾದ ಇಂಥದ್ದೇ ಒಂದು ಕಡೆ ನಾನು ತಿಂಗಳಿಗೊಮ್ಮೆ ಬಟ್ಟೆ ವಿಂಗಡಿಸಲು ಹೋಗುತ್ತೇನೆ. ಮೊದಲ ದಿನ ಹೇಳಿಕೊಟ್ಟ ನಿಯಮ ಒಂದೇ. ಈ ಬಟ್ಟೆಯನ್ನು ನಿನ್ನ ಅಕ್ಕನ ಮಗುವಿಗೆ ಕೊಡ್ತೀಯಾ? ಕೊಡಲ್ಲ ಅನ್ನಿಸಿದರೆ ಪಕ್ಕಕ್ಕೆ ಹಾಕು. ಹಾಲಿನ ಕಲೆ, ಕಿತ್ತ ಗುಂಡಿ, ಜೋತುಬಿದ್ದ ಎಲಾಸ್ಟಿಕ್ ಏನಿದ್ದರೂ ಅದು ಹೊರಗೆ. ಉಳಿದದ್ದನ್ನು ಅಂಗಡಿಯಲ್ಲಿ ನೇತುಹಾಕಿದ ಹಾಗೆ ಜೋಡಿಸುತ್ತೇವೆ. ತಾಯಿ ಬಂದು ತಾನೇ ಆರಿಸಿಕೊಳ್ಳುತ್ತಾಳೆ. ಹಳದಿ ಸ್ವೆಟರ್ ಬೇಡ, ಆ ನೀಲಿ ಇರಲಿ ಅನ್ನಬಹುದು. ಬೇಡ ಅನ್ನುವ ಹಕ್ಕು ಅದು. ದಾನದಲ್ಲಿ ಬಂದ ವಸ್ತುವಿಗೆ ಬೇಡ ಅನ್ನೋದನ್ನು ನಾವು ಎಷ್ಟು ಸುಲಭವಾಗಿ ಕೊಬ್ಬು ಅಂದುಬಿಡುತ್ತೇವೆ! ನಾನೂ ಹಾಗೇ ಅಂದುಕೊಂಡವಳೇ. ಇಲ್ಲಿ ಬಂದ ಮೇಲೆ ಬದಲಾದೆ.

ಇದನ್ನು ಅಪ್ಪನಿಗೆ ಹೇಳಿದಾಗ ಅವರು ಸಿದ್ಧಗಂಗೆಯ ನೆನಪು ತೆಗೆದರು. ಅಪ್ಪ ಓದಿದ್ದು ಮಠದಲ್ಲಿದ್ದುಕೊಂಡು. "ಪಂಕ್ತಿಯಲ್ಲಿ ಕೂತಾಗ ಯಾರ ಮನೆಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಎಲ್ಲರ ತಟ್ಟೆಗೂ ಒಂದೇ ಮುದ್ದೆ" ಅಂದರು. ಲಂಡನ್ನಿನ ಸರ್ಕಾರಿ ಪ್ರೈಮರಿ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಉಚಿತ ಊಟ ಬಂದಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಮುಂಚೆ, ಕೆಲವು ಕೌನ್ಸಿಲ್‌ಗಳ ಶಾಲೆ ಬಿಟ್ಟು ಉಳಿದ ಕಡೆ, ಸಣ್ಣ ತರಗತಿಗಳಿಗೆ ಬಿಟ್ಟರೆ ಬಡ ಮನೆಯವರಿಗೆ ಮಾತ್ರ ಇತ್ತು. ಶಾಲೆಗೆ ರಜೆ ಬಂತೆಂದರೆ ಆ ಊಟವೂ ಇಲ್ಲ. ಕೊರೊನಾ ಸಮಯದಲ್ಲಿ ಈ ರಜೆಯ ಹಸಿವು ದೊಡ್ಡ ಸುದ್ದಿಯಾದಾಗ, 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಟ್ಟು ಶುರುವಾದ ಅಕ್ಷಯಪಾತ್ರೆ ಲಂಡನ್ ಪಕ್ಕದ ವಾಟ್‌ಫರ್ಡ್‌ನಲ್ಲಿ ಅಡುಗೆಮನೆ ತೆರೆದು ಇಲ್ಲಿನ ಮಕ್ಕಳಿಗೂ ಬಿಸಿಯೂಟ ಕಳಿಸಿತು. ಆ ಸುದ್ದಿ ಓದಿದ ದಿನ ನನಗೆ ಅಳುವೇ ಬಂದಿತ್ತು.

ಇಲ್ಲಿರುವ ನಮ್ಮವರಿಗೆ ಒಂದು ಮಾತು. ನಮ್ಮಲ್ಲಿ ಬಹಳ ಜನರ ವೀಸಾದಲ್ಲಿ ಸರ್ಕಾರದ ಭತ್ಯೆ ತಗೊಳ್ಳುವಂತಿಲ್ಲ ಅಂತ ಷರತ್ತಿರುತ್ತದೆ. ಒಂದು ದಿನ ಹಾಲ್‌ನಲ್ಲಿ ನಾನು ಫೋನಿನಲ್ಲಿ ಮಾತಾಡುತ್ತಿದ್ದೆ. ಮುಗಿಸಿದ ಮೇಲೆ ಒಬ್ಬಳು ಹುಡುಗಿ ಹತ್ತಿರ ಬಂದು "ಅಕ್ಕ, ನೀವು ಕನ್ನಡದವರಾ?" ಅಂದಳು. ಕಂಕುಳಲ್ಲಿ ಕೂಸು. ಗಂಡನ ಕೆಲಸ ಹೋಗಿ ಎರಡು ತಿಂಗಳು. ಫುಡ್ ಬ್ಯಾಂಕಿಗೆ ಬಂದರೆ ವೀಸಾಕ್ಕೆ ತೊಂದರೆ ಆಗುತ್ತೆ ಅಂತ ಯಾರೋ ಹೆದರಿಸಿದ್ದರಂತೆ. ಅಷ್ಟು ದಿನ ತಾನು ಟೀ, ಬ್ರೆಡ್ಡಿನಲ್ಲೇ ಕಳೆದು ಮಗುವಿಗೆ ಹಾಲು ತಂದಿದ್ದಳು. ದಯವಿಟ್ಟು ಕೇಳಿ. ಫುಡ್ ಬ್ಯಾಂಕ್, ಬೇಬಿ ಬ್ಯಾಂಕ್ ಸರ್ಕಾರದ ಭತ್ಯೆ ಅಲ್ಲ, ಆ ಷರತ್ತು ಇವಕ್ಕೆ ಅನ್ವಯಿಸಲ್ಲ. ಮಕ್ಕಳ ಶಾಲೆಗೂ ಅಡ್ಡಿ ಇಲ್ಲ. ಕಷ್ಟ ಬಂದರೆ ಮೊದಲು ಮಗುವಿನ ಶಾಲೆಯಲ್ಲಿ ಹೇಳಿ, ಅವರಿಗೆ ದಾರಿ ಗೊತ್ತಿರುತ್ತದೆ. ಊರಿನಲ್ಲಿ ಗೊತ್ತಾದರೆ ಏನಂದುಕೊಳ್ತಾರೋ ಅಂತ ಮಗುವನ್ನು ಹಸಿವಿನಲ್ಲಿ ಇಡಬೇಡಿ.

ಮೊನ್ನೆ ಗುರುವಾರ ಕೆಟಲ್‌ನ ಆ ತಾಯಿ ಮತ್ತೆ ಬಂದರು. ಇನ್ನೂ ಅದೇ ರೂಮು. ಆರು ವಾರ ಮುಗಿದು ಎಷ್ಟೋ ದಿನವಾಗಿದೆ. ಈ ಸಲ ನಾನು ಚೀಲ ತುಂಬಲು ಹೋಗಲಿಲ್ಲ. ದೊಡ್ಡವಳನ್ನು ಕೆಟಲ್ ಬಾಕ್ಸ್ ಕಪಾಟಿನ ಹತ್ತಿರ ಕರೆದುಕೊಂಡು ಹೋಗಿ, ನೀನೇ ತಗೋ ಅಂದೆ. ಅವಳು ನೂಡಲ್ಸ್ ಕಪ್‌ಗಳನ್ನು ಒಂದೊಂದಾಗಿ ತಿರುಗಿಸಿ ಓದಿದಳು. ಒಂದನ್ನು ಕೈಗೆತ್ತಿಕೊಂಡು, ಯೋಚಿಸಿ, ವಾಪಸ್ ಇಟ್ಟಳು.

"ಇದು ಖಾರ. ನನ್ನ ತಮ್ಮ ತಿನ್ನಲ್ಲ" ಅಂದಳು.

ನಾವಿಬ್ಬರೂ ಸೇರಿ ಖಾರ ಇಲ್ಲದ್ದನ್ನು ಹುಡುಕಿದೆವು. ಕೆಳಗಿನ ಸಾಲಿನಲ್ಲಿ ಮೂರು ಸಿಕ್ಕವು.