ಒಂದು ಇಂಜೆಕ್ಷನ್ ಆಗಿದೆ, ಇನ್ನು ಪಾರ್ವೊ ಬರಲ್ಲ ಅಲ್ವಾ?

ತಾಯಿ ಕಳೆದುಕೊಂಡ ನಾಯಿಮರಿಗಳನ್ನು ಯಾರಾದರೂ ಸಾಕಲು ಮುಂದೆ ಬರುವ ತನಕ ನಾನು ಇಟ್ಟುಕೊಳ್ಳುತ್ತೇನೆ. ಮರಿ ಒಯ್ಯಲು ಬಂದವರೆಲ್ಲ ಕೇಳುವುದು ಇದನ್ನೇ. ಪಾರ್ವೊ ಅಂದರೆ ನಾಯಿಮರಿಗಳಿಗೆ ವಾಂತಿ, ರಕ್ತಭೇದಿ ತಂದು ಜೀವ ತೆಗೆಯಬಲ್ಲ ವೈರಸ್ ರೋಗ. ಬರಬಹುದು ಅಂದರೆ ಮುಖ ಸಿಂಡರಿಸುತ್ತಾರೆ. ಹಾಗಾದರೆ ಇಂಜೆಕ್ಷನ್ ಯಾಕೆ ಹಾಕಿಸಿದ್ದು?

ವಿಷಯ ಸ್ವಲ್ಪ ತೊಡಕಿನದು. ತಾಯಿಗೆ ರೋಗನಿರೋಧಕ ಶಕ್ತಿ ಇದ್ದರೆ, ಗಿಣ್ಣುಹಾಲಿನಲ್ಲಿ ಅದು ಮರಿಗೂ ಸಿಗುತ್ತದೆ. ಕೆಲವು ವಾರ ಮರಿಯನ್ನು ಕಾಯುತ್ತದೆ. ಆದರೆ ಅದು ಲಸಿಕೆಯಲ್ಲಿರುವ ದುರ್ಬಲ ವೈರಸ್ಸನ್ನೂ ಬಿಡುವುದಿಲ್ಲ, ಅದನ್ನೂ ಹೊಡೆದುಹಾಕುತ್ತದೆ. ಲಸಿಕೆ ಹಿಡಿಯುವುದೇ ಇಲ್ಲ. ದಿನ ಕಳೆದ ಹಾಗೆ ತಾಯಿ ಕೊಟ್ಟದ್ದು ಕರಗುತ್ತಾ ಬರುತ್ತದೆ. ಆಗ ನಡುವೆ ಒಂದು ಕೆಟ್ಟ ಕಾಲ: ರೋಗ ತಡೆಯಲು ಸಾಲುವುದಿಲ್ಲ, ಲಸಿಕೆ ಕೆಡಿಸಲು ಮಾತ್ರ ಸಾಕು! ಅದು ಯಾವ ಮರಿಗೆ ಯಾವ ವಾರ ಅಂತ ನೋಡಿ ಹೇಳಲಾಗದು. ಒಂದೇ ಸೂಲಿನ ಮರಿಗಳಲ್ಲೂ ಹಿಂದೆ ಮುಂದೆ ಆಗುತ್ತದೆ. ಅದಕ್ಕೇ 6ರಿಂದ 8 ವಾರಕ್ಕೆ ಶುರುಮಾಡಿ, 2ರಿಂದ 4 ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವ ತನಕ ಹಾಕಿಸುತ್ತಲೇ ಇರಬೇಕು. ಆಮೇಲೆ ಬೂಸ್ಟರ್. ಡಾಕ್ಟರು ದುಡ್ಡಿಗಾಗಿ ಕರೆಯುತ್ತಾರೆ ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ, ಮರಿಯನ್ನೇ ಕೊಡುವುದಿಲ್ಲ.

ಈ ವೈರಸ್ ನಾಯಿಗಳಲ್ಲಿ ಗೊತ್ತಾದದ್ದು 1978ರಲ್ಲಿ. ಬೆಕ್ಕುಗಳಿಗೆ ಬರುವ ಪಾರ್ವೊ ವೈರಸ್ಸಿನ ಹತ್ತಿರದ ನೆಂಟ. ಒಂದೆರಡು ವರ್ಷದಲ್ಲೇ ಲೋಕವೆಲ್ಲ ಹರಡಿಬಿಟ್ಟಿತು.

ಅಂಟಿದ ಮೇಲೆ ಸಾಮಾನ್ಯವಾಗಿ 3ರಿಂದ 7 ದಿನ ಮರಿ ಆಡಿಕೊಂಡೇ ಇರುತ್ತದೆ. ಲಕ್ಷಣ ಕಾಣುವ ಮೊದಲೇ ಮಲದಲ್ಲಿ ವೈರಸ್ ಹೊರಗೆ ಬರತೊಡಗುತ್ತದೆ. ನನ್ನ ಹತ್ತಿರ ಇದ್ದ ಒಂದು ಕರಿ ಮರಿ ಬೆಳಿಗ್ಗೆ ನೀರಿನ ಬಟ್ಟಲ ಮುಂದೆ ಸುಮ್ನೆ ನಿಂತಿತ್ತು. ಮೂತಿ ನೀರಿಗೆ ತಾಗುವಷ್ಟು ಹತ್ತಿರ, ಆದರೆ ಕುಡಿಯುತ್ತಿಲ್ಲ. ಆಮೇಲೆ ನೊರೆ ನೊರೆಯಾಗಿ ವಾಂತಿ. ಸಂಜೆಗೆ ರಕ್ತಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಹೊಡೆದರೆ ಸಾಕು, ಮುಂದೆ ಬಾಗಿಲಲ್ಲೇ ಗುರುತು ಹಿಡಿಯುತ್ತೀರಿ.

ಬೇಗ ಬೇಗ ಬೆಳೆಯುವ ಜೀವಕೋಶಗಳೇ ಪಾರ್ವೊಗೆ ಬೇಕು. ಕರುಳಿನ ಒಳಪದರ, ಮೂಳೆಯ ಮಜ್ಜೆ. ಹಳೇ ಗೋಡೆಯ ಗಾರೆ ಉದುರಿದ ಹಾಗೆ ಕರುಳಿನ ಪದರ ಕಳಚುತ್ತದೆ, ಅಲ್ಲಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತವೆ. ಎದುರಿಸಬೇಕಾದ ಬಿಳಿ ರಕ್ತಕಣಗಳು ಅದೇ ಹೊತ್ತಿಗೆ ಕುಸಿದಿರುತ್ತವೆ. ಆ್ಯಂಟಿಬಯೋಟಿಕ್ ಕೊಡುವುದು ಈ ಬ್ಯಾಕ್ಟೀರಿಯಾಗಳಿಗೆ, ವೈರಸ್ಸಿಗಲ್ಲ. ಡ್ರಿಪ್, ವಾಂತಿ ನಿಲ್ಲಿಸುವ ಔಷಧಿ, ಮೈ ಬೆಚ್ಚಗಿಡುವುದು, ವಾಂತಿ ಹತೋಟಿಗೆ ಬಂದ ಕೂಡಲೇ ಸ್ವಲ್ಪ ಸ್ವಲ್ಪ ಆಹಾರ. ಇಷ್ಟನ್ನು ಬೇಗ ಶುರುಮಾಡಿದರೆ ಹೆಚ್ಚಿನ ಮರಿಗಳು ಬದುಕುತ್ತವೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಹೆಚ್ಚಿನವು ಸಾಯುತ್ತವೆ. ವಾಂತಿ ಮಾಡುತ್ತಿರುವ ಮರಿಯ ಬಾಯಿಗೆ ನೀರು ಹೊಯ್ಯುತ್ತಾ ಮನೆಯಲ್ಲಿ ಕೂರಬೇಡಿ, ಮೊದಲು ಡಾಕ್ಟರ ಹತ್ತಿರ ಓಡಿ. ಕರಿ ಮರಿ ಮುಂಗಾಲಿನ ಸೂಜಿಯ ಟೇಪನ್ನು ಕಚ್ಚಿ ಹರಿದ ದಿನ ಡಾಕ್ಟರು ಬೈಯಲಿಲ್ಲ, ನಕ್ಕರು. ಕಚ್ಚುವಷ್ಟು ಶಕ್ತಿ ಬಂದಿತ್ತಲ್ಲ!

ನೆಲ ತೊಳೆಯುವುದು ಬೇರೆಯೇ ಕಥೆ. ಸೋಪು, ಫಿನಾಯಿಲ್, ಸ್ಯಾನಿಟೈಸರ್ ನಂಬಿ ಕೂತರೆ ಕೆಟ್ಟಿರಿ. ಸೋಪಿನಿಂದ ಕೊಳೆ ಹೋಗುತ್ತದೆ, ಅಷ್ಟೇ. ಈ ವೈರಸ್ಸಿಗೆ ಕೊಬ್ಬಿನ ಹೊರಕವಚ ಇಲ್ಲ, ಹಾಗಾಗಿ ಅವಕ್ಕೆಲ್ಲ ಜಗ್ಗುವುದಿಲ್ಲ. ಮೊದಲು ಕೊಳೆ ಪೂರ್ತಿ ತೆಗೆಯಬೇಕು, ಕೊಳೆಯ ಮೇಲೆ ಬ್ಲೀಚ್ ಕೆಲಸ ಮಾಡಲ್ಲ. ಆಮೇಲೆ 30 ಪಾಲು ನೀರಿಗೆ 1 ಪಾಲು ದ್ರವ ಬ್ಲೀಚ್ ಬೆರೆಸಿ, ನೆಲ 10 ನಿಮಿಷ ಒದ್ದೆಯಾಗಿಯೇ ಇರುವಂತೆ ನೋಡಿಕೊಳ್ಳಬೇಕು. ಚಪ್ಪಲಿ, ಬಟ್ಟಲು, ಬೆಲ್ಟು ಎಲ್ಲಕ್ಕೂ ಇದೇ. ಹಿತ್ತಲಿನ ಮಣ್ಣಿಗೆ ಹೀಗೆ ಮಾಡಲಾಗದು. ನೆರಳಿರುವ ಕಡೆ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ.

ಪಾರ್ವೊದಿಂದ ಮರಿ ಕಳೆದುಕೊಂಡವರು ಮನೆ ಬಿಕೋ ಅನ್ನುತ್ತಿದೆ, ಇನ್ನೊಂದು ಕೊಡಿ ಅನ್ನುತ್ತಾರೆ. ಸಂಕಟ ಅರ್ಥವಾಗುತ್ತದೆ. ಆದರೂ ಅಂಥ ಮನೆಗೆ ನಾನು ಚಿಕ್ಕ ಮರಿ ಕೊಡುವುದಿಲ್ಲ. ಎಲ್ಲ ಲಸಿಕೆ ಮುಗಿದ ದೊಡ್ಡ ನಾಯಿ ಇದೆ, ನೋಡಿ ಅನ್ನುತ್ತೇನೆ. ಕೆಲವರು ಒಪ್ಪುತ್ತಾರೆ. ಕೆಲವರಿಗೆ ಮರಿಯೇ ಬೇಕು, ಬೇರೆ ಕಡೆಯಿಂದ ತರುತ್ತಾರೆ.