ಮಗು ಮಂಡ್ಯದಲ್ಲಿ, ಅಪ್ಪ-ಅಮ್ಮ ಅಮೆರಿಕದಲ್ಲಿ: ಪವರ್ ಆಫ್ ಅಟಾರ್ನಿ ಎಷ್ಟರ ಮಟ್ಟಿಗೆ?

ಇಲ್ಲಿ ಅಮೆರಿಕದಲ್ಲಿ ಗಂಡ-ಹೆಂಡತಿ ಇಬ್ಬರೂ ಕೆಲಸದಲ್ಲಿದ್ದು, ಮಗುವನ್ನು ಮಂಡ್ಯದ ಅಜ್ಜಿ-ತಾತನ ಬಳಿ ಬಿಡುವವರು ಪವರ್ ಆಫ್ ಅಟಾರ್ನಿ ಮಾಡಿಕೊಡುತ್ತಾರೆ. ಊರಿನ ಹಿರಿಯರು ಒಂದು ಮಾತು ತಿಳಿದಿರಬೇಕು: ಮಗುವಿನ ಪರವಾಗಿ ಓಡಾಡಲು, ಸಹಿ ಹಾಕಲು ಅದರಿಂದ ಅಧಿಕಾರ ಸಿಗುತ್ತದೆ, ಪೋಷಕತ್ವ ಸಿಗುವುದಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ ಪ್ರಕಾರ ಹಿಂದೂ ಮಗುವಿನ ಸಹಜ ಪೋಷಕರು ಹೆತ್ತವರೇ. ಅವರು ಯಾವಾಗ ಬೇಕಾದರೂ ಪತ್ರ ರದ್ದುಪಡಿಸಿ ಮಗುವನ್ನು ಕರೆಸಿಕೊಳ್ಳಬಹುದು. ಇದು ದತ್ತು ಪತ್ರ ಅಲ್ಲವೇ ಅಲ್ಲ.

ಅಪ್ಪನೊಬ್ಬನ ಸಹಿ ಸಾಕೆಂದು ಬಿಡಬೇಡಿ. ಇಬ್ಬರೂ ಹಾಕಿದರೆ ನಾಳೆ ಯಾರೂ ತಕರಾರು ಎತ್ತುವುದಿಲ್ಲ.

'ಮಗುವಿನ ಎಲ್ಲ ಕೆಲಸ' ಎಂಬ ಒಂದೇ ಸಾಲು ಕೌಂಟರಿನಲ್ಲಿ ನಡೆಯುವುದು ಕಷ್ಟ. ಶಾಲೆಗೆ ಸೇರಿಸುವುದು, ಟೀಸಿ ಪಡೆಯುವುದು, ಲಸಿಕೆ, ಆಸ್ಪತ್ರೆಗೆ ದಾಖಲಿಸುವುದು, ಅರಿವಳಿಕೆ ಮತ್ತು ಆಪರೇಷನ್‌ಗೆ ಒಪ್ಪಿಗೆ, ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಸಿ. ಅಜ್ಜಿ, ತಾತ ಇಬ್ಬರ ಹೆಸರೂ ಇರಲಿ. 'ಇಬ್ಬರೂ ಸೇರಿ ಅಥವಾ ಒಬ್ಬೊಬ್ಬರೇ' ಎಂಬ ಮಾತು ತಪ್ಪದೇ ಇರಲಿ. ಇಲ್ಲದಿದ್ದರೆ ತಾತ ಹಾಸಿಗೆ ಹಿಡಿದ ದಿನ ಅಜ್ಜಿಯ ಸಹಿಯೊಂದೇ ಸಾಲದೇ ಹೋಗಬಹುದು. ಹೆಸರಿನ ಇನಿಷಿಯಲ್ ಆಧಾರ್‌ನಲ್ಲಿ ಇರುವಂತೆಯೇ ಬರಲಿ. ನಮ್ಮ ಕಡೆಯ ಹೆಸರುಗಳಲ್ಲಿ ಎಡವಟ್ಟಾಗುವುದೇ ಅಲ್ಲಿ.

ಅಂದಹಾಗೆ, ಜೀವಕ್ಕೇ ಅಪಾಯ ಬಂದು, ಒಪ್ಪಿಗೆ ಕೊಡುವವರು ಸಮಯಕ್ಕೆ ಸಿಗದಿದ್ದರೆ ವೈದ್ಯರು ಪತ್ರಕ್ಕಾಗಿ ಕಾಯಬೇಕಿಲ್ಲ. ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್ ಅವರಿಗೆ ರಕ್ಷಣೆ ಕೊಡುತ್ತದೆ.

ಇಲ್ಲಿ ಅಮೆರಿಕದಲ್ಲಿ ನೋಟರಿ ಮುಂದೆ ಸಹಿ ಹಾಕಿ, ಆ ನೋಟರಿ ಇರುವ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ಅಪೊಸ್ಟೀಲ್ (ಬೇರೆ ದೇಶದಲ್ಲಿ ಪತ್ರ ನಡೆಯಲು ಹಾಕುವ ಅಧಿಕೃತ ದೃಢೀಕರಣ) ಮಾಡಿಸಬೇಕು, ಇಲ್ಲವೇ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಬೇಕು. ಜೆರಾಕ್ಸ್ ತೆಗೆಯುವಾಗ ಪಿನ್ ಬಿಚ್ಚಲೇಬೇಡಿ. ಹಾಳೆ ಬದಲಾಗಿದೆಯೇ ಎಂಬ ಅನುಮಾನ ಬರುತ್ತದೆ. ಪತ್ರ ಕರ್ನಾಟಕ ತಲುಪಿದ ಮೇಲೆ 3 ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಗಡುವು ದಾಟಿದರೆ ದಂಡದ ತಾಪತ್ರಯ. ಕೊರಿಯರ್ ಲಕೋಟೆಯನ್ನು ಪತ್ರದ ಜೊತೆಗೇ ಇಟ್ಟುಕೊಳ್ಳಿ, ಬಂದ ತಾರೀಖಿಗೆ ಅದೇ ಸಾಕ್ಷಿ.

ಮಗುವಿನ ಭಾರತೀಯ ಪಾಸ್‌ಪೋರ್ಟ್‌ಗೆ ಈ ಪತ್ರವನ್ನೇ ನೆಚ್ಚಬೇಡಿ. ಹೆತ್ತವರಿಬ್ಬರ ಸಹಿಯ ಅನುಬಂಧ ಡಿ ಎಂಬ ಘೋಷಣಾ ಪತ್ರ ಬೇರೆಯೇ ಬೇಕು. ಮಗುವಿನ ಹೆಸರಲ್ಲಿ ಜಮೀನಿದ್ದರೆ ಅದನ್ನು ಮಾರಲು ಹೆತ್ತವರಿಗೇ ಕೋರ್ಟಿನ ಅನುಮತಿ ಬೇಕು, ಅಂದಮೇಲೆ ಪತ್ರ ಹಿಡಿದವರ ಮಾತೇ ಇಲ್ಲ.

ಪತ್ರ ಬರೆದುಕೊಟ್ಟವರು ತೀರಿಕೊಂಡರೆ ಅವರು ಕೊಟ್ಟ ಅಧಿಕಾರವೂ ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಇಬ್ಬರೂ ಉಯಿಲು ಬರೆದು, ಮಗುವಿಗೆ ಪೋಷಕರು ಯಾರೆಂದು ಅದರಲ್ಲೇ ಹೆಸರಿಸಿಡಿ.